ಒಂಟಿ ಸೀಟಿನ ಗ್ಲೈಡರ್‌ನಲ್ಲಿ ಮೊದಲ ಹಾರಾಟ: ತಯಾರಿ ಹೇಗೆ?

ಪ್ರಶ್ನೆ: ಜರ್ಮನಿಯ ಕ್ಲಬ್ಬೊಂದರಲ್ಲಿ ಎಎಸ್‌ಕೆ 21 ಎಂಬ ಎರಡು ಸೀಟಿನ ಗ್ಲೈಡರ್‌ನಲ್ಲಿ (ಎಂಜಿನ್ ಇಲ್ಲದ ವಿಮಾನ) ಕಲಿತು ಸೋಲೋ, ಅಂದರೆ ಒಬ್ಬನೇ ಹಾರುವುದನ್ನು ಮುಗಿಸಿದ್ದೇನೆ. ಮುಂದೆ ಒಂಟಿ ಸೀಟಿನ ಆಸ್ಟಿರ್ ಸಿಎಸ್ ಹಾರಿಸಬೇಕಂತೆ. ಅದರಲ್ಲಿ ಬೋಧಕರು ಜೊತೆಗಿರುವುದಿಲ್ಲ. ಏನೇನು ನೋಡಿಕೊಳ್ಳಬೇಕು?

ಉತ್ತರ: ಅರ್ಧ ಕೆಲಸ ನೆಲದ ಮೇಲೇ ಮುಗಿಯಬೇಕು. ಕೈಪಿಡಿ ಓದಿದ ಮೇಲೆ ಪ್ಯಾರಾಶೂಟ್ ಕಟ್ಟಿಕೊಂಡು, ಬೆಲ್ಟ್ ಬಿಗಿದು, ನಿಂತ ಗ್ಲೈಡರ್‌ನಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಹಿಡಿಗಳ ಬಣ್ಣಕ್ಕೆ ಯುರೋಪಿನಲ್ಲಿ ನಿಯಮವಿದೆ: ಗ್ಲೈಡರನ್ನು ಮೇಲಕ್ಕೆಳೆಯುವ ಕೇಬಲ್ ಬಿಡುವುದು ಹಳದಿ, ಏರ್‌ಬ್ರೇಕ್ (ಬೇಗ ಇಳಿಯಲು ರೆಕ್ಕೆಯ ಮೇಲೇಳುವ ಫಲಕ) ನೀಲಿ, ಟ್ರಿಮ್ (ಸ್ಟಿಕ್ಕಿನ ಮೇಲಿನ ಒತ್ತಡ ಸರಿದೂಗಿಸುವುದು) ಹಸಿರು, ತುರ್ತಿನಲ್ಲಿ ಕನೋಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಕಳಚುವುದು ಕೆಂಪು. ಆದರೆ ಅವು ಇರುವ ಜಾಗ ಒಂದೊಂದರಲ್ಲಿ ಒಂದೊಂದು ಕಡೆ. ಕಣ್ಣು ಮುಚ್ಚಿಕೊಂಡೇ ಪ್ರತಿಯೊಂದನ್ನೂ ಮುಟ್ಟುವಷ್ಟು ರೂಢಿಯಾಗಲಿ. ಎಎಸ್‌ಕೆ 21ರ ಚಕ್ರ ಮಡಚುವುದಿಲ್ಲ, ಆಸ್ಟಿರ್‌ನದು ಮಡಚುತ್ತದೆ. ಅಂದರೆ ನಿಮ್ಮ ಕೈಗೆ ಪರಿಚಯವಿಲ್ಲದ ಲಿವರ್ ಒಂದು ಹೆಚ್ಚು. ಏರ್‌ಬ್ರೇಕ್ ಅಂದುಕೊಂಡು ಚಕ್ರದ ಲಿವರ್ ಎಳೆದು, ಗ್ಲೈಡರ್ ಇಳಿಯದೆ ಮೈದಾನದ ತುದಿ ದಾಟಿದ ಅಪಘಾತಗಳು ಆಗಿವೆ. ಹಾಗಾಗಿ ಎಳೆದ ಕೂಡಲೇ ರೆಕ್ಕೆಯ ಕಡೆ ಒಮ್ಮೆ ನೋಡಿ, ಬ್ರೇಕಿನ ಫಲಕ ಮೇಲೆದ್ದಿರಬೇಕು.

ತೂಕವನ್ನು ಅಂದಾಜಿಗೆ ಬಿಡಬೇಡಿ. ಕನಿಷ್ಠ ತೂಕ ಕಾಕ್‌ಪಿಟ್‌ನ ಫಲಕದಲ್ಲೇ ಇರುತ್ತದೆ, ಅದು ಪ್ಯಾರಾಶೂಟ್ ಸೇರಿದ ಲೆಕ್ಕ. ಅಲ್ಲಿ 70 ಕೆಜಿ ಎಂದಿದ್ದು, ನೀವು 58 ಕೆಜಿ, ಪ್ಯಾರಾಶೂಟ್ 7 ಕೆಜಿ ಇದ್ದರೆ ಇನ್ನೂ 5 ಕೆಜಿ ಬೇಕು. ಅದನ್ನು ಕೈಪಿಡಿ ಹೇಳಿದ ಜಾಗದಲ್ಲಿ ಅಲುಗಾಡದಂತೆ ಕಟ್ಟಬೇಕು. ತೂಕ ಕಡಿಮೆಯಾದರೆ ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ. ಮೂಗು ಅತಿ ಚುರುಕಾಗುತ್ತದೆ, ಸ್ಪಿನ್‌ಗೆ (ಸುತ್ತುತ್ತಾ ಕೆಳಗೆ ಬೀಳುವುದು) ಬಿದ್ದರೆ ಹೊರಬರುವುದು ಕಷ್ಟ. ಬೆನ್ನಿಗೆ ಮೆತ್ತನೆಯ ದಿಂಬೂ ಬೇಡ. ನೆಲದ ಮೇಲಿನ ವಿಂಚ್ ಯಂತ್ರ ಕೇಬಲ್‌ನಿಂದ ಎಳೆದಾಗ ದಿಂಬು ಒತ್ತಿ, ನೀವು ಹಿಂದೆ ಸರಿದು, ಹಿಡಿದ ಸ್ಟಿಕ್ಕೂ (ನಿಯಂತ್ರಣದ ಕೋಲು) ಜೊತೆಗೇ ಬರುತ್ತದೆ.

ಹೊಸಬರನ್ನು ಹೆಚ್ಚು ಕಾಡುವುದು ನೆಲ ಬಿಟ್ಟ ಮೊದಲ ಕ್ಷಣಗಳು. ಎರಡು ಸೀಟಿನ ಭಾರದ ಗ್ಲೈಡರ್‌ಗೆ ಒಗ್ಗಿದ ಕೈ ಇಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತಳ್ಳುತ್ತದೆ. ಮೂಗು ಕೆಳಗಾಗುತ್ತದೆ, ಗಾಬರಿಯಲ್ಲಿ ಎಳೆಯುತ್ತೀರಿ, ಅಷ್ಟರಲ್ಲಿ ಅದು ತಾನೇ ಏಳುತ್ತಿರುತ್ತದೆ. ನಿಮ್ಮ ತಿದ್ದುಪಡಿ ಪ್ರತಿ ಸಲ ಒಂದು ಹೆಜ್ಜೆ ತಡವಾಗಿ, ಏರಿಳಿತ ಬೆಳೆಯುತ್ತಲೇ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಅದರ ಬೆನ್ನಟ್ಟಬೇಡಿ. ಸ್ಟಿಕ್ಕನ್ನು ಮಧ್ಯಕ್ಕೆ ತಂದು ಒಂದು ಕ್ಷಣ ಹಾಗೇ ಹಿಡಿಯಿರಿ. ಮುಂಗೈ ತೊಡೆಯ ಮೇಲಿರಲಿ, ಸ್ಟಿಕ್ ಬೆರಳ ತುದಿಯಲ್ಲಿರಲಿ.

ಗಾಳಿ ಶಾಂತವಾಗಿರುವ ದಿನ, ಗೊತ್ತಿರುವ ಮೈದಾನ ಆರಿಸಿಕೊಳ್ಳಿ. ವಿಂಚ್ ಬದಲು ವಿಮಾನ ಎಳೆಯುತ್ತಿದ್ದಾಗ ಅದರ ರಡ್ಡರ್ (ಬಾಲದ ಚುಕ್ಕಾಣಿ) ಅತ್ತಿತ್ತ ಅಲ್ಲಾಡಿದರೆ ನಿಮ್ಮ ಏರ್‌ಬ್ರೇಕ್ ತೆರೆದಿದೆ ಎಂದರ್ಥ, ಕೂಡಲೇ ಮುಚ್ಚಿ. ಕೇಬಲ್ ಬಿಡಬೇಕಾದ್ದು ಎಳೆಯುವ ವಿಮಾನ ರೆಕ್ಕೆ ಅಲ್ಲಾಡಿಸಿದಾಗ. ಎತ್ತರದಲ್ಲಿ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಮಾಡಿ ನೋಡಿ, ಬ್ರೇಕ್ ತೆರೆದು ಮುಚ್ಚಿ, ಇಳಿಯುವ ವೇಗದಲ್ಲಿ ಮೂಗು ದಿಗಂತಕ್ಕೆ ಎಷ್ಟು ಕೆಳಗಿರುತ್ತದೆ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ವೇಗದ ಮೀಟರ್ ಕಿ.ಮೀ.ನಲ್ಲಿದೆಯೋ ನಾಟ್‌ನಲ್ಲಿದೆಯೋ ಮೊದಲೇ ನೋಡಿರಬೇಕು. 50 ನಾಟ್ ಎಂದರೆ ಗಂಟೆಗೆ ಸುಮಾರು 93 ಕಿ.ಮೀ.

ಮೊದಲ ಹಾರಾಟದಲ್ಲಿ ಚಕ್ರ ಮಡಚಲೇಬೇಡಿ. ಮುಂದೆಂದಾದರೂ ಮಡಚಿದ್ದು ಮರೆತು, ನೆಲ ಹತ್ತಿರವಾದಾಗ ನೆನಪಾದರೆ ಲಿವರ್‌ಗೆ ತಡಕಾಡದೆ ಹೊಟ್ಟೆಯ ಮೇಲೇ ನೇರವಾಗಿ ಇಳಿಸಿ. ಆಗ ಕೆಡುವುದು ಹೆಚ್ಚಾಗಿ ಗ್ಲೈಡರ್‌ನ ಹೊಟ್ಟೆಯ ಮೇಲ್ಪದರ ಮಾತ್ರ.