ನಸುಕಿನ ನಾಲ್ಕಕ್ಕೇ ಹೊಗೆ ಅಲಾರಂ ಏಕೆ ಕೂಗುತ್ತದೆ?

ಪ್ರಶ್ನೆ: ಮನೆ ಕಟ್ಟಿಸಿದಾಗ ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಹೊಗೆ ಅಲಾರಂ ನಮ್ಮ ಪಡಸಾಲೆಯ ಚಾವಣಿಯಲ್ಲಿದೆ. ಹದಿನೈದು ದಿನಗಳಿಂದ ನಸುಕಿನ ನಾಲ್ಕರ ಹೊತ್ತಿಗೆ ನಿಮಿಷಕ್ಕೊಮ್ಮೆ ಬೀಪ್ ಎನ್ನಲು ಶುರು ಮಾಡುತ್ತದೆ, ಬಿಸಿಲೇರಿದ ಮೇಲೆ ಸುಮ್ಮನಾಗುತ್ತದೆ. ಮನೆಯಲ್ಲಿ ಹೊಗೆ ಇಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ನಿಂತಿಲ್ಲ. ಹಿಂದಿನ ಕೋಣೆಯಲ್ಲಿ ಮಲಗುವ ಅತ್ತೆಯವರು ತಮಗೆ ಏನೂ ಕೇಳಿಸುವುದಿಲ್ಲ ಎನ್ನುತ್ತಾರೆ, ಉಳಿದವರಿಗೆ ನಿದ್ದೆ ಇಲ್ಲ. ಬಿಚ್ಚಿ ಕಪಾಟಿನಲ್ಲಿ ಇಟ್ಟುಬಿಡೋಣವೇ?
— ಸಪ್ತಾಪುರ, ಧಾರವಾಡದ ಓದುಗರು

ಬಿಚ್ಚಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ವೈರಿಂಗ್ ಕೆಲಸ ಮಾಡುವ ನಾನು ಕಂಡಂತೆ, ‘ಆಮೇಲೆ ಹಾಕಿದರಾಯಿತು’ ಎಂದು ಕಪಾಟು ಸೇರಿದ ಅಲಾರಂ ಮತ್ತೆ ಚಾವಣಿ ಏರುವುದು ತೀರಾ ಅಪರೂಪ.

ಈ ಉಪಕರಣ ಎರಡು ರೀತಿ ಕೂಗುತ್ತದೆ. ಕಿವಿಗಡಚಿಕ್ಕುವಂತೆ ಮೂರು ಸಲ ಕೂಗಿ, ಕೊಂಚ ತಡೆದು, ಮತ್ತೆ ಮೂರು ಸಲ ಕೂಗಿದರೆ ಹೊಗೆ ಕಂಡಿದೆ ಎಂದರ್ಥ. ಆಗ ಕಾರಣ ಹುಡುಕುತ್ತ ನಿಲ್ಲಬಾರದು. ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೋ 101ಕ್ಕೋ ಕರೆ ಮಾಡಬೇಕು. 30 ಸೆಕೆಂಡಿಗೋ ಒಂದು ನಿಮಿಷಕ್ಕೋ ಒಮ್ಮೆ ಬರುವ ಚಿಕ್ಕ ಬೀಪ್‌ನಲ್ಲಿ ಅಲಾರಂ ತನ್ನ ಸ್ಥಿತಿಯನ್ನು ಹೇಳಿಕೊಳ್ಳುತ್ತಿರುತ್ತದೆ: ಬ್ಯಾಟರಿ ಕುಸಿದಿದೆ, ಇಲ್ಲವೇ ಒಳಗೆ ಏನೋ ಕೆಟ್ಟಿದೆ. ನಿಮ್ಮ ಮನೆಯದು ಈ ಎರಡನೆಯ ಬಗೆಯ ಕೂಗು, ಚಿಕ್ಕ ಬೀಪ್.

ನಸುಕಿನಲ್ಲೇ ಏಕೆ? ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನವಾಗುತ್ತದೆ. ಇಡೀ ರಾತ್ರಿಯಲ್ಲಿ ಮನೆ ಅತ್ಯಂತ ತಣ್ಣಗಾಗುವ ಹೊತ್ತು ಅದು. ಮೊದಲೇ ದುರ್ಬಲವಾಗಿರುವ ಬ್ಯಾಟರಿಯ ವೋಲ್ಟೇಜ್ ಆಗ ಅಲಾರಂ ಬಯಸುವ ಮಟ್ಟದಿಂದ ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಬೀಪ್ ಶುರುವಾಗುತ್ತದೆ. ಬಿಸಿಲೇರಿ ಚಾವಣಿ ಬೆಚ್ಚಗಾದರೆ ವೋಲ್ಟೇಜ್ ಮತ್ತೆ ಮೇಲೆ ಬರುತ್ತದೆ, ಸದ್ದು ಅಡಗುತ್ತದೆ. ಎಷ್ಟೋ ಜನ ಇದನ್ನು ‘ತಾನೇ ಸರಿಹೋಯಿತು’ ಎಂದುಕೊಳ್ಳುತ್ತಾರೆ. ಸರಿಹೋಗಿರುವುದಿಲ್ಲ. ಹಗಲಿನ ಮೌನ, ನಸುಕಿನ ಕೂಗು ಎಂಬ ನಿಮ್ಮ ವಿವರ ನೋಡಿದರೆ ನನ್ನ ಮೊದಲ ಅನುಮಾನ ಆ ‘ಹೊಸ’ ಬ್ಯಾಟರಿಯ ಮೇಲೆಯೇ.

ಇಂಥ ಅಲಾರಂಗಳಲ್ಲಿ ಹೆಚ್ಚಿನವು ಮಲ್ಟಿಮೀಟರಿಗೆ ಹಾಕುವಂಥ 9 ವೋಲ್ಟ್‌ನ ಚೌಕ ಬ್ಯಾಟರಿ ಬೇಡುತ್ತವೆ. ಅಂಗಡಿಯಲ್ಲಿ ಸುಮ್ಮನೆ ಕೇಳಿದರೆ ಅಗ್ಗದ ಜಿಂಕ್-ಕಾರ್ಬನ್ ಬ್ಯಾಟರಿ ಕೈಗೆ ಬರುವುದೇ ಹೆಚ್ಚು. ಅದೂ ಗಾಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತಿದ್ದರೆ ಅರ್ಧ ಜೀವ ಅಲ್ಲೇ ಮುಗಿದಿರುತ್ತದೆ. ಆಲ್ಕಲೈನ್ ಬೇಕು ಎಂದು ಸ್ಪಷ್ಟವಾಗಿ ಹೇಳಿ, ಮೇಲೆ ಅಚ್ಚಾಗಿರುವ ಅವಧಿಯ ದಿನಾಂಕ ಓದಿಯೇ ಕೊಳ್ಳಿ. ಮರುಚಾರ್ಜ್ ಮಾಡುವಂಥದ್ದು ಇಲ್ಲಿ ಬೇಡ. ಹೊರಗೆ 9 ಎಂದು ಬರೆದಿದ್ದರೂ ಅವುಗಳಲ್ಲಿ ಅನೇಕದರ ನಿಜವಾದ ವೋಲ್ಟೇಜ್ 8.4 ಅಥವಾ ಅದಕ್ಕೂ ಕಡಿಮೆ. ಹಾಕಿದ ದಿನವೇ ಅಲಾರಂ ‘ಬ್ಯಾಟರಿ ಮುಗಿಯಿತು’ ಎಂದು ಕೂಗಬಹುದು.

ಬ್ಯಾಟರಿ ಹಾಕುವುದರಲ್ಲೂ ಒಂದು ಕ್ರಮವಿದೆ, ಅವಸರದಲ್ಲಿ ಇದನ್ನೇ ಬಿಟ್ಟುಬಿಡುತ್ತೇವೆ. ಹಳೆಯದನ್ನು ತೆಗೆದ ಮೇಲೆ ಟೆಸ್ಟ್ ಗುಂಡಿಯನ್ನು 15-20 ಸೆಕೆಂಡು ಒತ್ತಿ ಹಿಡಿಯಿರಿ. ಒಳಗಿನ ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ ಖಾಲಿಯಾಗುತ್ತದೆ, ಹಳೆಯ ದೂರನ್ನು ಅಲಾರಂ ಮರೆಯುತ್ತದೆ. ಹೀಗೆ ಮಾಡದೆ ಹೊಸದನ್ನು ಸಿಕ್ಕಿಸಿದರೆ ಕೆಲವು ಮಾದರಿಗಳು ಹಳೆಯ ಬೀಪನ್ನೇ ಮುಂದುವರಿಸುತ್ತವೆ. ಆಮೇಲೆ ಬ್ಯಾಟರಿ ಕಚ್ಚಿಕೊಳ್ಳುವ ತಗಡುಗಳನ್ನು ಟಾರ್ಚ್ ಹಿಡಿದು ನೋಡಿ. ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ಒಣ ಬಟ್ಟೆಯಿಂದ ಉಜ್ಜಿ ತೆಗೆಯಿರಿ, ಸಡಿಲವಾಗಿದ್ದರೆ ಮೆಲ್ಲಗೆ ಬಿಗಿ ಮಾಡಿ. ಬ್ಯಾಟರಿಯ ಮುಚ್ಚಳ ‘ಟಕ್’ ಎಂದು ಕೂತರೆ ಮಾತ್ರ ಕೂತಂತೆ.

ಇಷ್ಟಾದರೂ ನಿಲ್ಲದಿದ್ದರೆ ಧೂಳಿನ ಕಡೆ ನೋಡಬೇಕು. ನಮ್ಮ ಅವಳಿ ನಗರದ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ರಸ್ತೆ ಅಗೆದಾಗಲೆಲ್ಲ ಏಳುವ ಎರೆಮಣ್ಣಿನ ಪುಡಿ ಹಿಟ್ಟಿನಷ್ಟು ನುಣುಪು. ವಿದ್ಯಾನಗರದ ಒಂದು ಮನೆಯಲ್ಲಿ ಸುಣ್ಣ-ಬಣ್ಣ ಮುಗಿದ ವಾರಕ್ಕೆ ಅಲಾರಂ ಹೊತ್ತುಗೊತ್ತಿಲ್ಲದೆ ಕೂಗತೊಡಗಿತ್ತು. ಸ್ಟೂಲ್ ಹತ್ತಿ ಇಳಿಸಿ ಬೆಳಕಿಗೆ ಹಿಡಿದರೆ, ಗಾಳಿಯಾಡುವ ಸೀಳುಗಳಲ್ಲಿ ಗೋಡೆ ಉಜ್ಜಿದ ಬಿಳಿ ಪುಡಿ ಸಾಲುಗಟ್ಟಿತ್ತು. ಒಂದು ಸೀಳಿನಿಂದ ಇನ್ನೊಂದಕ್ಕೆ ಜೇಡ ನೇಯ್ದ ಎಳೆಯ ಮೇಲೆ ಎಳ್ಳಿಗಿಂತ ಚಿಕ್ಕ ಹುಳವೊಂದು ಒಣಗಿ ಅಂಟಿಕೊಂಡಿತ್ತು. ಅದು ಬೆಳಕಿನ ಆಧಾರದ ಮೇಲೆ ಕೆಲಸ ಮಾಡುವ ಮಾದರಿ. ಅದರೊಳಗೆ ಕತ್ತಲೆಯ ಪುಟ್ಟ ಕೋಣೆಯಿದೆ. ಒಂದು ಕಡೆಯಿಂದ ಸಣ್ಣ ಬೆಳಕು ಹಾಯುತ್ತದೆ, ಅದನ್ನು ಗುರುತಿಸುವ ಸಂವೇದಕ ಆ ಬೆಳಕು ನೇರವಾಗಿ ಬೀಳದ ಓರೆಯಲ್ಲಿರುತ್ತದೆ. ಹೊಗೆ ಒಳಬಂದರೆ ಅದರ ಕಣಗಳಿಗೆ ಬಡಿದು ಬೆಳಕು ಚದುರಿ ಸಂವೇದಕದ ಮೇಲೆ ಬೀಳುತ್ತದೆ. ಧೂಳು ಮತ್ತು ಹುಳ ಮಾಡುವುದೂ ಅದನ್ನೇ. ಮೆತ್ತನೆಯ ಒಣ ಕುಂಚದಿಂದ ಸೀಳುಗಳನ್ನು ಗುಡಿಸಿ, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಹೊರಗಿನಿಂದ ಎಳೆಯಿರಿ. ನೀರು, ಸೋಪು, ಸೊಳ್ಳೆ ಸ್ಪ್ರೇ ಹತ್ತಿರ ಸುಳಿಯಬಾರದು. ಬಣ್ಣ ಬಳಿಸುವಾಗ ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕೆಲಸ ಮುಗಿದ ಸಂಜೆಯೇ ತೆಗೆಯಿರಿ.

ನಿಮ್ಮ ಅಲಾರಂ ಇಳಿಸಿದಾಗ ಮರೆಯದೆ ಬೆನ್ನು ತಿರುಗಿಸಿ ನೋಡಿ. ಅಲ್ಲಿ ತಯಾರಿಕೆಯ ದಿನಾಂಕ ಅಚ್ಚಾಗಿರುತ್ತದೆ. ಹೊಗೆ ಅಲಾರಂನ ಆಯುಷ್ಯ ಸಾಮಾನ್ಯವಾಗಿ 10 ವರ್ಷ, ಅದೂ ನೀವು ಕೊಂಡ ದಿನದಿಂದ ಅಲ್ಲ, ತಯಾರಾದ ದಿನದಿಂದ ಲೆಕ್ಕ. ಮನೆ ಕಟ್ಟಿಸಿದಾಗಿನದು ಎಂದಿದ್ದೀರಿ. ಹತ್ತು ದಾಟಿದ್ದರೆ ಬ್ಯಾಟರಿಗೆ ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ, ಹೊಸ ಅಲಾರಂ ತನ್ನಿ. ಅವಧಿ ಮುಗಿದಾಗಲೂ ಕೆಲವು ಮಾದರಿಗಳು ಇದೇ ರೀತಿ ಬೀಪ್ ಮಾಡುತ್ತವೆ, ಆಗ ಯಾವ ಬ್ಯಾಟರಿಯೂ ಅದನ್ನು ನಿಲ್ಲಿಸಲಾರದು.

ಅಮೆರಿಕದಿಂದ ಬಂದದ್ದು ಎಂಬ ಕಾರಣಕ್ಕೆ ಇನ್ನೆರಡು ಮಾತು. ಅಲ್ಲಿಯ ಮನೆ ವಿದ್ಯುತ್ 120 ವೋಲ್ಟ್, ನಮ್ಮದು 230. ಬರೀ ಬ್ಯಾಟರಿಯಲ್ಲಿ ನಡೆಯುವ ಅಲಾರಂ ಆದರೆ ಚಿಂತೆಯಿಲ್ಲ. ವೈರ್ ಜೋಡಿಸುವ ಮಾದರಿಯನ್ನು ಮಾತ್ರ ನಮ್ಮ ಲೈನಿಗೆ ಕೊಡಲೇಬಾರದು. ಎರಡನೆಯದು, ಬೆನ್ನಿನ ಮೇಲೆ ಅಮೆರಿಸಿಯಂ-241 ಎಂಬ ಹೆಸರು ಇದೆಯೇ ನೋಡಿ. ಇದ್ದರೆ ಅದು ಅಯಾನು ಮಾದರಿ. ಒಳಗೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತು ಇರುತ್ತದೆ. ಚಾವಣಿಯಲ್ಲಿ ಇದ್ದಷ್ಟು ದಿನ ಅದರಿಂದ ಅಪಾಯವಿಲ್ಲ, ಆದರೆ ಒಡೆದು ನೋಡುವುದು, ಸುಡುವುದು, ಗುಜರಿಗೆ ಹಾಕುವುದು ಸಲ್ಲದು. ಮಗ ಮುಂದಿನ ಸಲ ಬಂದಾಗ ಇಡಿಯಾಗಿಯೇ ಒಯ್ದು ತಯಾರಕರಿಗೆ ಮರಳಿಸಲು ಹೇಳಿ.

ಹೊಸದು ಕೊಳ್ಳುವುದಾದರೆ ಬೆಳಕಿನ ಮಾದರಿಯನ್ನೇ ಆರಿಸಿ. ಅಯಾನು ಮಾದರಿ ಕಾದ ಹಂಚಿನಿಂದ ಏಳುವ ಅತಿ ಸಣ್ಣ ಕಣಗಳಿಗೆ ಬೇಗ ಬೆದರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ರೊಟ್ಟಿ ಬಡಿದು ಹಂಚಿಗೆ ಹಾಕಿದಾಗ ಉದುರಿದ ಜೋಳದ ಹಿಟ್ಟು ಕರಕಾಗುವುದು ದಿನನಿತ್ಯದ ಮಾತು, ಖಾರಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯುವ ದಿನದ ಘಾಟು ಬೇರೆ. ಒಲೆಯಿಂದ ಕನಿಷ್ಠ 3 ಮೀಟರ್ ದೂರ, ಸ್ನಾನದ ಮನೆಯ ಬಾಗಿಲಿಗೆ ಎದುರಾಗದಂತೆ, ಫ್ಯಾನಿನ ಗಾಳಿ ನೇರ ಬಡಿಯದ ಕಡೆ ಹಾಕಿಸಿ. ದೇವರ ಕೋಣೆಯ ಮುಂದೆಯೂ ಬೇಡ, ಲೋಬಾನ ಹಾಕಿದಾಗಲೆಲ್ಲ ಕೂಗುತ್ತದೆ. (ಅಪಾರ್ಟ್‌ಮೆಂಟಿನಲ್ಲಿ ಇರುವವರು ಗಮನಿಸಿ: ನಿಮ್ಮ ಚಾವಣಿಯಲ್ಲಿರುವುದು ಇಡೀ ಕಟ್ಟಡದ ಪ್ಯಾನೆಲ್‌ಗೆ ಜೋಡಿಸಿದ್ದಾಗಿದ್ದರೆ ನೀವು ಬಿಚ್ಚಬೇಡಿ, ನಿರ್ವಹಣೆ ನೋಡಿಕೊಳ್ಳುವವರಿಗೆ ತಿಳಿಸಿ.)

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅತ್ತೆಯವರ ಮಾತು. ಈ ಅಲಾರಂಗಳ ಕೂಗು ಸಾಮಾನ್ಯವಾಗಿ 3000 ಹರ್ಟ್ಸ್ ಆಸುಪಾಸಿನ ಕೀರಲು ಸ್ವರ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಕೀರಲು ಸ್ವರಗಳನ್ನೇ. ಬೀಪ್ ಚಿಕ್ಕದು, ಅದು ಕೇಳದಿದ್ದರೆ ಹೋಗಲಿ. ನಿಜವಾದ ಕೂಗು ಕೇಳುತ್ತದೆಯೇ ಎಂದು ತಿಳಿಯಬೇಕು. ಅಲಾರಂ ಸರಿಯಾದ ಮೇಲೆ ಅವರು ಮಧ್ಯಾಹ್ನ ಅಡ್ಡಾದಾಗ, ಮೊದಲೇ ಅವರಿಗೆ ಹೇಳಿ, ಕೋಣೆಯ ಬಾಗಿಲು ಹಾಕಿ ಟೆಸ್ಟ್ ಗುಂಡಿ ಒತ್ತಿರಿ. ಕೇಳಿಸಲಿಲ್ಲ ಎಂದರೆ ಅವರ ಕೋಣೆಯೊಳಗೇ ಇನ್ನೊಂದು ಅಲಾರಂ ಬೇಕು. ಕಿವಿ ಮಂದವಾದವರಿಗೆಂದೇ 520 ಹರ್ಟ್ಸ್‌ನ ದಪ್ಪ ಸ್ವರದವೂ ಇವೆ, ಮಗನಿಗೆ ಅದನ್ನೇ ತರಲು ಹೇಳಬಹುದು. ಅಲ್ಲಿಯವರೆಗೆ, ರಾತ್ರಿ ಅಲಾರಂ ಕೂಗಿದರೆ ಅತ್ತೆಯವರ ಕೋಣೆಗೆ ಓಡುವವರು ಯಾರು ಎಂಬುದನ್ನು ಮನೆಯವರು ಇಂದೇ ಗೊತ್ತುಮಾಡಿಕೊಳ್ಳಿ.