ಕಂಪ್ಲಯಂಟ್ ಕೋಟಿಂಗ್: ನೀರಿಗೆ ಮಣಿಯುವ ಮೈ

ಹಡಗಿನ ಮೈಗೆ ಅಂಟಿಕೊಂಡ ನೀರು ಹಡಗಿನ ಜೊತೆಗೇ ಸಾಗುತ್ತದೆ. ಸ್ವಲ್ಪ ದೂರದ ನೀರು ಸುಮ್ನೆ ನಿಂತಿರುತ್ತದೆ. ಇವೆರಡರ ನಡುವಿನ ತೆಳು ಪದರದಲ್ಲಿ ನೀರು ನೀರನ್ನೇ ಉಜ್ಜುತ್ತದೆ. ಹೀಗೆ ಹುಟ್ಟುವ ಮೇಲ್ಮೈ ಘರ್ಷಣೆ ಹಡಗನ್ನು ಹಿಂದಕ್ಕೆ ಎಳೆಯುತ್ತದೆ. ನಿಧಾನವಾಗಿ ಸಾಗುವ ದೊಡ್ಡ ಟ್ಯಾಂಕರುಗಳಲ್ಲಿ ಒಟ್ಟು ಪ್ರತಿರೋಧದ ಅರ್ಧಕ್ಕಿಂತ ಜಾಸ್ತಿ ಪಾಲು ಇದರದೇ. ಇದನ್ನು ತಗ್ಗಿಸಲೆಂದು ಮೈಗೆ ಹೊದಿಸುವ ಮೆತ್ತನೆಯ ಪದರವೇ ಕಂಪ್ಲಯಂಟ್ ಕೋಟಿಂಗ್. ನೀರಿನ ಒತ್ತಡ ಏರಿದ ಕಡೆ ಅದು ತಗ್ಗುತ್ತದೆ, ಇಳಿದ ಕಡೆ ಉಬ್ಬುತ್ತದೆ.

ಇದರ ಹಿಂದೆ ಡಾಲ್ಫಿನ್ ಇದೆ. ಡಾಲ್ಫಿನ್ ಈಜುವ ವೇಗಕ್ಕೆ ಅದರ ಸ್ನಾಯುಗಳ ಶಕ್ತಿ ಏನೇನೂ ಸಾಲದು ಎಂದು 1936ರಲ್ಲಿ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಜೇಮ್ಸ್ ಗ್ರೇ ಲೆಕ್ಕ ಹಾಕಿದರು. ಹಾಗಾದರೆ ಗುಟ್ಟು ಚರ್ಮದಲ್ಲೇ ಇರಬೇಕು, ಅಲ್ವಾ? ಜರ್ಮನ್ ಎಂಜಿನಿಯರ್ ಮ್ಯಾಕ್ಸ್ ಕ್ರೇಮರ್ 1950ರ ದಶಕದಲ್ಲಿ ಆ ಚರ್ಮವನ್ನೇ ಹೋಲುವ ಹೊದಿಕೆ ಮಾಡಿದರು. ಮೇಲೆ ತೆಳು ರಬ್ಬರ್ ಪೊರೆ, ಕೆಳಗೆ ಸಾಲು ಸಾಲು ಪುಟ್ಟ ರಬ್ಬರ್ ಕಂಬಗಳು, ಕಂಬಗಳ ಸಂದಿನಲ್ಲಿ ಸಿಲಿಕೋನ್ ಎಣ್ಣೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಂದರಿನಲ್ಲಿ ಅದನ್ನು ಹೊದಿಸಿದ ಮಾದರಿಯನ್ನು ಮೋಟಾರು ದೋಣಿಗೆ ಕಟ್ಟಿ ಎಳೆಸಿದರು. ಪ್ರತಿರೋಧ ಅರ್ಧಕ್ಕಿಂತ ಹೆಚ್ಚು ಇಳಿಯಿತು ಎಂದು ಬರೆದರು. ಬೇರೆಯವರ ಪ್ರಯೋಗಗಳಲ್ಲಿ ಅಷ್ಟು ಲಾಭ ಸಿಗಲಿಲ್ಲ. ಡಾಲ್ಫಿನ್ ಒಗಟೂ ಕರಗಿತು: 2014ರಲ್ಲಿ ಅಮೆರಿಕದ ಜೀವಶಾಸ್ತ್ರಜ್ಞ ಫ್ರಾಂಕ್ ಫಿಶ್ ಮತ್ತು ಸಂಗಡಿಗರು ಗುಳ್ಳೆಗಳ ಪರದೆಯೊಳಗೆ ಡಾಲ್ಫಿನ್‌ಗಳನ್ನು ಈಜಿಸಿ ನೋಡಿದರು. ಅವುಗಳ ಸ್ನಾಯುಬಲವೇ ಧಾರಾಳವಾಗಿ ಸಾಕಾಗಿತ್ತು.

ಆದರೂ ಈ ಕಲ್ಪನೆ ಸುಳ್ಳಲ್ಲ. ಇಲ್ಲಿ ಎರಡು ಬೇರೆ ಕೆಲಸಗಳಿವೆ, ಓದುವಾಗ ಅವು ಕಲಸಿಹೋಗುತ್ತವೆ. ಒಂದು, ನಯವಾಗಿ ಹರಿಯುವ ನೀರು ಪ್ರಕ್ಷುಬ್ಧವಾಗುವುದನ್ನು, ಅಂದರೆ ಸುಳಿಸುಳಿಯಾಗಿ ಕದಡಿಹೋಗುವುದನ್ನು, ಮುಂದೂಡುವುದು. ನಯ ಹರಿವಿನಲ್ಲಿ ಏಳುವ ಪುಟ್ಟ ಅಲೆಗಳು ಬೆಳೆದು ಒಡೆದಾಗ ಗೊಂದಲ ಶುರುವಾಗುತ್ತದೆ. ಮೆತ್ತನೆಯ ಮೈ ಆ ಬೆಳವಣಿಗೆಯನ್ನು ನಿಧಾನಿಸುತ್ತದೆ. 1980ರ ದಶಕದಲ್ಲಿ ಲೆಕ್ಕವೂ ಪ್ರಯೋಗವೂ ಇದನ್ನು ತೋರಿಸಿವೆ.

ಇನ್ನೊಂದು, ಆಗಲೇ ಪ್ರಕ್ಷುಬ್ಧವಾದ ಹರಿವಿನಲ್ಲಿ ಘರ್ಷಣೆ ತಗ್ಗಿಸುವುದು. ನಿಜವಾದ ಕಷ್ಟ ಇದೇ. ಗೋಡೆಯ, ಅಂದರೆ ಹಡಗಿನ ಮೈಯ, ಪಕ್ಕ ನಿಧಾನದ ನೀರು ಉದ್ದುದ್ದ ಎಳೆಗಳಾಗಿ ಸಾಗುತ್ತದೆ. ಎಳೆ ಫಕ್ಕನೆ ಮೇಲೇಳುತ್ತದೆ, ಮೇಲಿನ ವೇಗದ ನೀರು ಗೋಡೆಗೆ ಬಂದು ಬಡಿಯುತ್ತದೆ. ಈ ಅದಲುಬದಲೇ ಘರ್ಷಣೆಯನ್ನು ಏರಿಸುತ್ತದೆ. ವೇಗದ ಹಡಗಿನ ಮೈಮೇಲೆ ಎಳೆಗಳ ನಡುವಿನ ಅಂತರ ಒಂದು ಮಿಲಿಮೀಟರಿಗೂ ಕಡಿಮೆ. ಹೊದಿಕೆ ಅಷ್ಟು ಸಣ್ಣ ಜಾಗದಲ್ಲಿ, ಕ್ಷಣದೊಳಗೆ, ಸರಿಯಾದ ಹೊತ್ತಿಗೆ ಮಣಿಯಬೇಕು. ಗಟ್ಟಿಯಾದರೆ ಅಲುಗುವುದೇ ಇಲ್ಲ. ತೀರಾ ಮೆತ್ತಗಾದರೆ ಅದರ ಮೇಲೇ ಅಲೆಗಳೆದ್ದು ಘರ್ಷಣೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ಒಳ್ಳೆಯ ಪ್ರಯೋಗಗಳಲ್ಲೂ ಸಿಕ್ಕಿರುವ ಲಾಭ ಶೇಕಡಾ ಕೆಲವೇ ಅಂಶ. ಒಂದು ವೇಗಕ್ಕೆ ಹೊಂದಿದ ಹೊದಿಕೆ ಇನ್ನೊಂದು ವೇಗಕ್ಕೆ ಹೊಂದುವುದಿಲ್ಲ. ವಿಮಾನದ ಮಾತಂತೂ ಇನ್ನೂ ದೂರ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ, ಅದರ ಏರಿಳಿತಕ್ಕೆ ರಬ್ಬರ್ ಅಲುಗುವುದೇ ಕಷ್ಟ.