ಓದುಗರ ಪ್ರಶ್ನೆ: ಸರ್ಕಾರ ಕೈಬಿಟ್ಟರೆ ದುಡ್ಡಿಲ್ಲದ ರೋಗಿ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಅಮೆರಿಕದ ಲಿಬರ್ಟೇರಿಯನ್ ಪಕ್ಷ ಆರೋಗ್ಯದ ವಿಷಯದಲ್ಲಿ ಸರ್ಕಾರ ತಲೆಹಾಕಲೇಬಾರದು ಎನ್ನುತ್ತದಂತೆ. ಅಲ್ಲಿ ಈಗಲೇ ಎಲ್ಲವೂ ಖಾಸಗಿ. ಇರುವ ಅಷ್ಟಿಷ್ಟನ್ನೂ ಕಿತ್ತುಹಾಕಿದರೆ ಬಡವರ ಗತಿಯೇನು?

ಉತ್ತರ: "ಅಲ್ಲಿ ಎಲ್ಲವೂ ಖಾಸಗಿ" ಎಂದಿರಲ್ಲ, ಆ ಪಕ್ಷದವರ ಮುಂದೆ ಹಾಗೆಂದರೆ ಜಗಳಕ್ಕೇ ಬಂದಾರು. ಅವರ ವಾದವೆಲ್ಲ ಶುರುವಾಗುವುದು ಅಲ್ಲಿಂದಲೇ.

ಪಕ್ಷ ಚಿಕ್ಕದು. 1971ರಲ್ಲಿ ಕೊಲರಾಡೊ ರಾಜ್ಯದಲ್ಲಿ ಹುಟ್ಟಿತು. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸುಮಾರು 45 ಲಕ್ಷ ಮತ ಗಳಿಸಿದ್ದೇ ಅದರ ದೊಡ್ಡ ಸಾಧನೆ. 2024ರಲ್ಲಿ ಅದು ಆರೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. ಆರೋಗ್ಯದ ಬಗ್ಗೆ ಅದರ ಪ್ರಣಾಳಿಕೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ: ವಿಮೆ ಬೇಕೋ ಬೇಡವೋ, ಬೇಕಾದರೆ ಎಷ್ಟರದ್ದು, ಯಾವ ವೈದ್ಯ, ಯಾವ ಔಷಧ, ಬದುಕಿನ ಕೊನೆಯಲ್ಲಿ ಎಂಥ ಚಿಕಿತ್ಸೆ, ಎಲ್ಲವೂ ಅವರವರ ಇಷ್ಟ. ಒಂದು ರಾಜ್ಯದವರು ಇನ್ನೊಂದು ರಾಜ್ಯದ ವಿಮೆ ಕೊಳ್ಳುವುದಕ್ಕೂ ಅಡ್ಡಿ ಇರಕೂಡದು. ವೃದ್ಧರಿಗೆ ಸರ್ಕಾರ ಕೊಡುವ ವಿಮೆ ಮೆಡಿಕೇರ್, ಬಡವರಿಗೆ ಕೊಡುವ ವಿಮೆ ಮೆಡಿಕೇಡ್, ಒಬಾಮಾ ಕಾಲದ ವಿಮಾ ಕಾಯ್ದೆ ಯಾವುದಕ್ಕೂ ಈ ತರ್ಕದಲ್ಲಿ ಜಾಗವಿಲ್ಲ.

ಅಮೆರಿಕದ ಆರೋಗ್ಯ ವೆಚ್ಚದಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಸರ್ಕಾರದ ಬೊಕ್ಕಸದಿಂದಲೇ ಬರುತ್ತದೆ. ಉಳಿದರ್ಧವನ್ನೂ ಕೆಡಿಸಿದ್ದು ಸರ್ಕಾರವೇ ಎನ್ನುವುದು ಇವರ ದೂರು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಸಂಬಳ ಏರಿಸುವಂತಿಲ್ಲ ಎಂಬ ಕಟ್ಟುಪಾಡು ಬಂತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆಯ ಆಸೆ ತೋರಿಸಿದವು. 1954ರ ತೆರಿಗೆ ಕಾಯ್ದೆ ಆ ವಿಮೆಯ ಹಣಕ್ಕೆ ತೆರಿಗೆ ಇಲ್ಲವೆಂದು ಖಚಿತಪಡಿಸಿತು. ಅಂದಿನಿಂದ ಅಮೆರಿಕನ್ನರ ವೈದ್ಯಕೀಯ ಖರ್ಚು ನೌಕರಿಗೆ ಗಂಟುಬಿತ್ತು. ವಿಮೆ ಆರಿಸುವವನು ಧಣಿ, ಚೌಕಾಸಿ ಮಾಡುವುದು ವಿಮಾ ಕಂಪನಿ, ಸೂಜಿ ಚುಚ್ಚಿಸಿಕೊಳ್ಳುವವನು ಮಾತ್ರ ರೋಗಿ.

ಅಲ್ಲಿ ಮಕ್ಕಳಿರುವವರು ಒಮ್ಮೆ ಅವರ ಟಪಾಲು ಪೆಟ್ಟಿಗೆಯನ್ನು ನೋಡಬೇಕು. ಆಸ್ಪತ್ರೆಗೆ ಹೋಗಿಬಂದ ಮೇಲೆ ವಿಮಾ ಕಂಪನಿಯಿಂದ ಒಂದು ಕಾಗದ ಬರುತ್ತದೆ. ಅದರ ಮೇಲೆಯೇ ಮುದ್ರಿಸಿರುತ್ತಾರೆ: "ಇದು ಬಿಲ್ ಅಲ್ಲ." ಕೆಳಗೆ ಆಸ್ಪತ್ರೆ ಕೇಳಿದ ಮೊತ್ತ, ಕಂಪನಿ ಇಳಿಸಿದ ಮೊತ್ತ, ನೀವು ಕೊಡಬೇಕಾಗಬಹುದಾದ ಮೊತ್ತ. ಮೂರಕ್ಕೂ ಅಜಗಜಾಂತರ. ನಿಜವಾದ ಬೆಲೆ ಯಾವುದೆಂದು ಕಂಡುಹಿಡಿಯುವುದಕ್ಕಿಂತ ಪಂಚಾಂಗದಲ್ಲಿ ಗ್ರಹಗತಿ ಲೆಕ್ಕ ಹಾಕುವುದು ಸುಲಭ. ಬೆಲೆಯೇ ಗೊತ್ತಿಲ್ಲದ ಅಂಗಡಿಯನ್ನು ಮಾರುಕಟ್ಟೆ ಎಂದು ಕರೆಯುವುದು ಹೇಗೆ ಎಂದು ಲಿಬರ್ಟೇರಿಯನ್ನರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇನ್ನೊಂದು ದೂರು ಇದಕ್ಕಿಂತಲೂ ಗಟ್ಟಿ. ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಹೊಸ ಆಸ್ಪತ್ರೆ ಕಟ್ಟಲು, ಕೆಲವೆಡೆ ಎಂಆರ್‌ಐ ಯಂತ್ರ ತರಿಸಲು ಕೂಡ, "ಇದರ ಅಗತ್ಯವಿದೆ" ಎಂಬ ಪ್ರಮಾಣಪತ್ರವನ್ನು ಸರ್ಕಾರದಿಂದ ಪಡೆಯಬೇಕು. ಆಗ ತಕರಾರು ಸಲ್ಲಿಸುವ ಅವಕಾಶ ಯಾರಿಗೆ? ಈಗಾಗಲೇ ಅಲ್ಲಿ ನೆಲೆಯೂರಿರುವ ಆಸ್ಪತ್ರೆಗೆ! ಬೀದಿಯಲ್ಲಿ ಎರಡನೆಯ ಹೋಟೆಲು ಬೇಕೋ ಬೇಡವೋ ಎಂದು ಮೊದಲನೆಯ ಹೋಟೆಲಿನ ಮಾಲೀಕನನ್ನು ಕೇಳಿದ ಹಾಗೆ. 1974ರಲ್ಲಿ ಕೇಂದ್ರ ಸರ್ಕಾರವೇ ಇದನ್ನು ರಾಜ್ಯಗಳ ಮೇಲೆ ಹೇರಿತು, 1987ರಲ್ಲಿ ಕೈಬಿಟ್ಟಿತು. ಆದರೂ ಬಹುಪಾಲು ರಾಜ್ಯಗಳು ಬಿಟ್ಟಿಲ್ಲ.

ಇದಕ್ಕೆ ಎದುರಾಗಿ ಅವರು ಒಕ್ಲಹೋಮ ನಗರದ ಒಂದು ಶಸ್ತ್ರಚಿಕಿತ್ಸಾ ಕೇಂದ್ರವನ್ನು ತೋರಿಸುತ್ತಾರೆ. ಅಲ್ಲಿನ ವೈದ್ಯರು 2009ರಿಂದ ಪ್ರತಿ ಶಸ್ತ್ರಚಿಕಿತ್ಸೆಯ ಪೂರ್ತಿ ದರವನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ. ಶಸ್ತ್ರಚಿಕಿತ್ಸಕರು, ಅರಿವಳಿಕೆ, ಕೊಠಡಿ ಎಲ್ಲ ಸೇರಿ ಒಂದೇ ಮೊತ್ತ. ಒಳ್ಳೆಯ ಉದಾಹರಣೆಯೇ. ಆದರೆ ಹರ್ನಿಯಾ ಇರುವವನಿಗೆ ನಾಲ್ಕು ಕಡೆ ದರ ವಿಚಾರಿಸುವಷ್ಟು ಪುರುಸೊತ್ತು ಇರುತ್ತದೆ. ಎದೆ ಹಿಡಿದುಕೊಂಡು ಕುಸಿದವನಿಗೆ ಇರುವುದಿಲ್ಲ.

ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. 1988ರಲ್ಲಿ ಈ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ರಾನ್ ಪಾಲ್ ವೃತ್ತಿಯಿಂದ ಹೆರಿಗೆ ವೈದ್ಯರು. ಮೆಡಿಕೇರ್, ಮೆಡಿಕೇಡ್ ಹಣವನ್ನು ಮುಟ್ಟದೆ, ಬಡವರಿಗೆ ಕಡಿಮೆ ದರದಲ್ಲೋ ಪುಕ್ಕಟೆಯಾಗಿಯೋ ಚಿಕಿತ್ಸೆ ಕೊಡುತ್ತಿದ್ದವರು. 2011ರ ಸೆಪ್ಟೆಂಬರಿನಲ್ಲಿ, ಅಷ್ಟರಲ್ಲಾಗಲೇ ಅವರು ರಿಪಬ್ಲಿಕನ್ ಪಕ್ಷದಲ್ಲಿದ್ದರು, ಟ್ಯಾಂಪಾದ ಚರ್ಚಾ ವೇದಿಕೆಯಲ್ಲಿ ನಿರೂಪಕ ವುಲ್ಫ್ ಬ್ಲಿಟ್ಜರ್ ಅವರನ್ನು ಕೇಳಿದರು: ಒಳ್ಳೆಯ ಕೆಲಸದಲ್ಲಿದ್ದೂ ವಿಮೆ ಮಾಡಿಸದ ಮೂವತ್ತರ ಯುವಕನಿಗೆ ಆರು ತಿಂಗಳು ತೀವ್ರ ನಿಗಾ ಘಟಕ ಬೇಕಾಯಿತು ಎನ್ನಿ, ಖರ್ಚು ಯಾರದು? ಸ್ವಾತಂತ್ರ್ಯವೆಂದರೆ ತನ್ನ ಅಪಾಯವನ್ನು ತಾನೇ ಹೊರುವುದು ಎಂದರು ಪಾಲ್. ಹಾಗಾದರೆ ಅವನು ಸಾಯಲಿ ಎನ್ನಬೇಕೇ ಎಂದಾಗ ಸಭಿಕರಲ್ಲಿ ಕೆಲವರು "ಹೌದು" ಎಂದು ಕೂಗಿದರು. ಪಾಲ್ ಹಾಗೆನ್ನಲಿಲ್ಲ. ಮೆಡಿಕೇಡ್ ಇಲ್ಲದ ಅರವತ್ತರ ದಶಕದ ಆರಂಭದಲ್ಲಿ ತಾವು ಸ್ಯಾನ್ ಆಂಟೋನಿಯೋದ ಆಸ್ಪತ್ರೆಯಲ್ಲಿ ದುಡಿದದ್ದನ್ನು ನೆನೆದು, ಆಗ ಚರ್ಚುಗಳು ನೋಡಿಕೊಳ್ಳುತ್ತಿದ್ದವು, ನಾವು ಯಾರನ್ನೂ ವಾಪಸು ಕಳಿಸಲಿಲ್ಲ ಎಂದರು.

ಪಕ್ಷದ ಉತ್ತರವೂ ಇದೇ: ದಾನ, ಧರ್ಮ, ನೆರೆಹೊರೆ, ಅಗ್ಗವಾದ ಮಾರುಕಟ್ಟೆ. ಪಾಲ್ ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಅವರ ಆಸ್ಪತ್ರೆ ಹಾಗಿದ್ದಿರಬಹುದು. ಆದರೆ ಅದೇ ಕಾಲದಲ್ಲಿ ಅಮೆರಿಕದ ವೃದ್ಧರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆಸ್ಪತ್ರೆ ವಿಮೆ ಇರಲಿಲ್ಲ. ದಕ್ಷಿಣದ ಎಷ್ಟೋ ಆಸ್ಪತ್ರೆಗಳು ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಇಲ್ಲವೇ ಬೇರೆ ವಾರ್ಡಿಗೆ ತಳ್ಳುತ್ತಿದ್ದವು. ಆ ಗೋಡೆ ಒಡೆದದ್ದು 1966ರಲ್ಲಿ, ಭೇದ ಮಾಡುವ ಆಸ್ಪತ್ರೆಗೆ ಮೆಡಿಕೇರ್ ಹಣವಿಲ್ಲ ಎಂದು ಸರ್ಕಾರ ಪಟ್ಟು ಹಿಡಿದಾಗ. ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ದಾರಿಗೆ ಬಂದವು. ದಾನ ಕೊಡುವವನು ಯಾರಿಗೆ ಕೊಡಬೇಕೆಂದೂ ತಾನೇ ಆರಿಸುತ್ತಾನೆ. ಪಕ್ಷದ ತರ್ಕ ಇಲ್ಲಿ ಕುಂಟುತ್ತದೆ. ರೋಗ ಗುರುತಿಸುವುದರಲ್ಲಿ ಇವರು ಜಾಣರು, ಮದ್ದಿನ ವಿಷಯದಲ್ಲಿ ಮಾತ್ರ ನನಗೆ ನಂಬಿಕೆ ಸಾಲದು.

ಈ ಮಾರುಕಟ್ಟೆಯ ಒಂದು ಸಣ್ಣ ನಮೂನೆಯನ್ನು ನಮ್ಮವರೂ ಪ್ರತಿ ವರ್ಷ ಕಾಣುತ್ತಾರೆ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಹೊರಟ ಅಮ್ಮನಿಗೆ ಮೆಡಿಕೇರ್ ಇಲ್ಲ, ಮೆಡಿಕೇಡ್ ಇಲ್ಲ. ಸಂದರ್ಶಕರ ವಿಮೆಯನ್ನು ಅವರೇ ನೋಡಿ ಖರೀದಿಸಬೇಕು, ಬೇಡವೆಂದರೆ ಬಿಡಬಹುದು. ಆಯ್ಕೆಗೇನೂ ಬರವಿಲ್ಲ. ವಯಸ್ಸು ಏರಿದ ಹಾಗೆ ಕಂತು ಏರುತ್ತದೆ, ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆಗಳನ್ನು ಹೊರಗಿಡುವುದೋ ಮಿತಿ ಹಾಕುವುದೋ ರೂಢಿ. ನಡುರಾತ್ರಿ ಎದೆನೋವು ಬಂದರೆ ತುರ್ತು ವಿಭಾಗದ ಬಾಗಿಲು ತೆರೆದೇ ಇರುತ್ತದೆ. ದುಡ್ಡಿಲ್ಲವೆಂದು ತುರ್ತು ರೋಗಿಯನ್ನು ಹಾಗೆಯೇ ಕಳಿಸುವಂತಿಲ್ಲ ಎಂದು 1986ರಲ್ಲಿ ಸರ್ಕಾರ ಕಾನೂನು ಮಾಡಿದೆ. ಬಿಲ್ ಆಮೇಲೆ ಮಗಳ ವಿಳಾಸಕ್ಕೆ ಬರುತ್ತದೆ.